ಮಿಷನ್ ಫಂಡಿಗೆ ಹುಡುಗರು ಯಾಕೆ ಬರ್ತಿಲ್ಲ? ಮಿರಜ್ ಕಡೆಯ ಪ್ರೆಸ್ಬಿಟೇರಿಯನ್ ಮನೆತನದವರು ಸ್ವಲ್ಪ ಹೇಳಿ

ಕ್ಯಾಂಪ್ ಕಾಕಾ (ಬೆಳಗಾವಿ)

ಎಲ್ಲರಿಗೂ ನಮಸ್ಕಾರ. ಸುತ್ತಿ ಬಳಸಿ ಹೇಳೋದಿಲ್ಲ. ಬೆಳಗಾವಿಯಲ್ಲಿ ನಮ್ಮದೊಂದು ಸಣ್ಣ ಪ್ರಾರ್ಥನಾ ಕೂಟ ಇದೆ. ಹೆಚ್ಚಿನವರು ಮಿರಜ್, ಸಾಂಗ್ಲಿ, ಕೊಲ್ಹಾಪುರ ಕಡೆಯಿಂದ ಬಂದು ಇಲ್ಲಿ ನೆಲೆನಿಂತ ಪ್ರೆಸ್ಬಿಟೇರಿಯನ್ ಮನೆತನದವರು, ಅಂದ್ರೆ ಆಯ್ಕೆಯಾದ ಹಿರಿಯರು ಸಭೆ (ಚರ್ಚ್) ನಡೆಸುವ ಪ್ರೊಟೆಸ್ಟಂಟ್ ಪಂಗಡದವರು. ಒಬ್ಬರ ಅಜ್ಜ ಮಿಷನ್ ದವಾಖಾನೆಯಲ್ಲಿ ಕಂಪೌಂಡರ್, ಇನ್ನೊಬ್ಬರ ಅಜ್ಜಿ ನರ್ಸ್, ಮತ್ತೊಬ್ಬರ ಮುತ್ತಜ್ಜ ಮಿಷನ್ ಶಾಲೆಯ ಮಾಸ್ತರ್, ಹೀಗೆ. ಭಾನುವಾರ ಬೆಳಿಗ್ಗೆ ಒಬ್ಬೊಬ್ಬರು ಒಂದೊಂದು ಸಭೆಗೆ ಹೋಗುತ್ತೇವೆ. ಆದರೆ ಹಿರಿಯರ ಕಾಲದಿಂದ ಒಂದು ಮಿಷನ್ ಫಂಡ್ ನಡೆಸಿಕೊಂಡು ಬಂದಿದ್ದೇವೆ. ಅದರಿಂದ ಅಥಣಿ ಕಡೆ ಹಳ್ಳಿಯಲ್ಲಿರುವ ಒಬ್ಬ ಸುವಾರ್ತಿಕರಿಗೆ, ಅಂದ್ರೆ ಕ್ರಿಸ್ತನ ಸಂದೇಶ ಸಾರುವವರಿಗೆ, ತಿಂಗಳ ಸಹಾಯ ಹೋಗುತ್ತದೆ. ಕಬ್ಬು ಕಡಿಯಲು ಬರುವವರ ಕೆಲವು ಮಕ್ಕಳಿಗೆ ಪುಸ್ತಕ, ಫೀ. ದವಾಖಾನೆಗೆ ಅಲೆಯುವ ಬಡವರಿಗೆ ಔಷಧಿ ಖರ್ಚು.

ಸಮಸ್ಯೆ ಏನಂದ್ರೆ, ಕೊಡುವವರೆಲ್ಲ ಅರವತ್ತು ದಾಟಿದವರು. ಪ್ರತಿ ವರ್ಷ ಕಾಣಿಕೆ ಹಾಕಿ ಕೊಡುವ ಕವರ್ ಒಂದೆರಡು ಕಡಿಮೆ ಆಗುತ್ತಿವೆ, ಯಾಕೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ. ಹುಡುಗರು ಇದ್ದಾರೆ, ಇಲ್ಲ ಅಂತಲ್ಲ. ಕ್ರಿಸ್ಮಸ್‌ಗೆ ಕ್ಯಾರೋಲ್ ಹಾಡಲು ಬರುತ್ತಾರೆ, ಬಿರಿಯಾನಿಗೂ ಬರುತ್ತಾರೆ. ಮಿಷನ್ ಭಾನುವಾರ ಅಂದ್ರೆ ಮಾತ್ರ ಒಬ್ಬನೂ ಕಾಣೋದಿಲ್ಲ. ನಮ್ಮ ಕಾಲಕ್ಕೇ ಇದು ಮುಗಿಯಬೇಕಾ? ಬೇರೆ ಊರಲ್ಲಿ ಯಾರಾದರೂ ಹುಡುಗರನ್ನು ಒಳಗೆ ತಂದಿದ್ದರೆ ಹೇಗೆ ಅಂತ ಹೇಳಿ. ಬರೀ "ಪ್ರಾರ್ಥನೆ ಮಾಡಿ" ಅನ್ನಬೇಡಿ, ಅದನ್ನು ಮಾಡ್ತಾನೇ ಇದ್ದೇವೆ.

ಶಹಾಪುರದ ಅಕ್ಕ

ಮೊಬೈಲ್ ಕಾಕಾ, ಮೊಬೈಲ್. ಮನೆಯಲ್ಲಿ ಕುಟುಂಬ ಪ್ರಾರ್ಥನೆ ನಿಂತ ದಿನವೇ ಎಲ್ಲ ನಿಂತಿತು. ಮೊದಲು ಅದನ್ನು ಸರಿ ಮಾಡಿ.

ಹಿಂದಿನ ಬೆಂಚು

ಅಕ್ಕಾ, ಮೊಬೈಲ್ ಮೇಲೆ ಹಾಕಿಬಿಟ್ರೆ ಮಾತು ಮುಗೀತು ಅಲ್ವಾ. ನನಗೆ ಇಪ್ಪತ್ತಮೂರು ವರ್ಷ, ಉದ್ಯಮಬಾಗದಲ್ಲಿ ಕೆಲಸ, ಇಂಥದ್ದೇ ಒಂದು ಕೂಟದಲ್ಲಿ ಬೆಳೆದವನು. ನಮ್ಮ ಕಡೆಯಿಂದ ಹೇಳ್ತೀನಿ, ಬೇಜಾರಾಗಬೇಡಿ.

ಯುವಜನ ಸಂಘಕ್ಕೆ ನೀವು ಕೊಡುವ ಕೆಲಸ ಏನು? ಕುರ್ಚಿ ಹಾಕೋದು, ಕುರ್ಚಿ ತೆಗೆಯೋದು, ಮೈಕ್ ಟೆಸ್ಟಿಂಗ್, ನಕ್ಷತ್ರ ಕಟ್ಟೋದು. ಫಂಡ್ ಎಲ್ಲಿ ಹೋಗಬೇಕು, ಯಾರಿಗೆ ಎಷ್ಟು, ಆ ಸುವಾರ್ತಿಕರು ಹೇಗಿದ್ದಾರೆ, ಇದನ್ನ ನಮ್ಮ ಹತ್ತಿರ ಯಾರೂ ಯಾವತ್ತೂ ಮಾತಾಡಿಲ್ಲ. ವರ್ಷಕ್ಕೊಮ್ಮೆ "ಯೌವನಸ್ಥರೇ ಮುಂದೆ ಬನ್ನಿ" ಅಂತ ಪ್ರಸಂಗ (ಉಪದೇಶ). ಮುಂದೆ ಬಂದರೆ ಅಲ್ಲಿ ನಿಲ್ಲಲು ಜಾಗ ಇದೆಯಾ?

ನಮ್ಮ ಮನೆಯ ಮಿಷನ್ ಕವರ್ ನೋಡಬೇಕು ನೀವು. ಖಾಕಿ ಕವರು, ಮೂಲೆ ಸವೆದು ಸೆಲ್ಲೋಟೇಪ್ ಹಚ್ಚಿದ್ದು. ಮೇಲೆ ಅಜ್ಜನ ಹೆಸರು, ಅದಕ್ಕೆ ಅಡ್ಡಗೆರೆ. ಕೆಳಗೆ ಬೇರೆ ಬಣ್ಣದ ಪೆನ್ನಲ್ಲಿ ಅಪ್ಪನ ಹೆಸರು. ಅದರ ಕೆಳಗೆ ತಿಂಗಳಿನ ಚೌಕಗಳು ಶುರು. ನಾನು ದುಡಿಯಲು ಶುರು ಮಾಡಿ ಎಷ್ಟೋ ತಿಂಗಳಾಯ್ತು, ನನ್ನ ಹೆಸರಿಗೆ ಒಂದು ಕವರ್ ಬೇಕಾ ಅಂತ ಯಾರೂ ಕೇಳಿಲ್ಲ. ನಾನಾಗಿ ಕೇಳಿದಾಗ "ಮನೆಗೆ ಒಂದೇ ಕವರ್" ಅಂದ್ರು.

ಇನ್ನೊಂದು. ಫ್ರೆಂಡ್ ಹೋಗುವ ಒಂದು ಸಭೆಯಲ್ಲಿ ಗೋಡೆಗೆ ಕ್ಯೂಆರ್ ಸ್ಟಿಕರ್ ಅಂಟಿಸಿದ್ರು. ಸ್ಕ್ಯಾನ್ ಮಾಡಿದ್ರೆ ಬಂದದ್ದು ಒಬ್ಬ ಹಿರಿಯರ ಸ್ವಂತ ಹೆಸರು. ಅವನು ಅಲ್ಲೇ "ಅಂಕಲ್, ಇದು ನಿಮ್ಮ ಪರ್ಸನಲ್ ಅಕೌಂಟಾ?" ಅಂತ ಕೇಳಿದ. ಅದಕ್ಕೆ ಸಿಕ್ಕ ಉತ್ತರ, "ನಿನ್ನ ಅಪ್ಪ ಯಾವತ್ತೂ ಹೀಗೆ ಕೇಳಲಿಲ್ಲ." ಅವನು ಈಗ ಆ ಕಡೆ ಹೋಗೋದಿಲ್ಲ. ಮೊಬೈಲ್ ಕಾರಣ ಅಂತೀರಾ?

ಹಳೇ ಖಜಾಂಚಿ

ತಮ್ಮಾ, ಕೇಳುವ ಹಕ್ಕು ನಿನಗಿದೆ. ಆದರೆ ಕೇಳುವ ರೀತಿ ಅಂತಲೂ ಒಂದಿದೆ. ನಾನು ಹಲವು ವರ್ಷ ಫಂಡ್ ಲೆಕ್ಕ ಬರೆದವನು. ಒಂದು ಪೈಸೆ ಆಚೆ ಈಚೆ ಆಗಿಲ್ಲ. ಸಣ್ಣ ಕೂಟಕ್ಕೆ ಬ್ಯಾಂಕ್ ಖಾತೆ ತೆಗೆಯಬೇಕಂದ್ರೆ ನೋಂದಣಿ ಬೇಕು, ಪಾನ್ ಕಾರ್ಡ್ ಬೇಕು, ಠರಾವು ಬೇಕು, ಸಹಿಗೆ ಮೂರು ಮಂದಿ ಬೇಕು. ಅದಕ್ಕೆಲ್ಲ ಓಡಾಡುವವರು ಯಾರು? ಸಿಟ್ಟು ಮಾಡಿಕೊಂಡು ಹೋಗೋದು ಸುಲಭ. ಸಬ್‌ರಿಜಿಸ್ಟ್ರಾರ್ ಆಫೀಸಿನ ಬೆಂಚಿನ ಮೇಲೆ ಕೂರೋದು ಕಷ್ಟ.

ಹಿಂದಿನ ಬೆಂಚು

ನಾವು ಓಡಾಡ್ತೀವಿ ಅಂಕಲ್. ಅದನ್ನೇ ತಾನೇ ಹೇಳ್ತಿರೋದು, ಆ ಕೆಲಸ ಕೊಡಿ.

ಖಣದ ಸೆರಗು (ಗುಳೇದಗುಡ್ಡ)

ನಡುವೆ ಬಾಯಿ ಹಾಕ್ತೀನಿ. ಈ ಜಿಲ್ಲೆಗಳಲ್ಲಿ ಪ್ರೆಸ್ಬಿಟೇರಿಯನ್ ಅಂದ್ರೆ ನಮ್ಮ ಬಾಸೆಲ್ ಮಿಷನ್ ತಾನೇ? ನಮ್ಮೂರಲ್ಲಿ 1851ರಲ್ಲೇ ಮಿಷನ್ ಠಾಣೆ (ಕೇಂದ್ರ) ಶುರುವಾಯ್ತು. ನೇಕಾರರ ಊರು, ಮಗ್ಗದ ಸದ್ದಿನ ನಡುವೆಯೇ ದೇವಾಲಯ. ನೀವು ಮಿರಜ್, ಕೊಲ್ಹಾಪುರ ಅಂತ ಗಡಿ ದಾಟಿ ಯಾಕೆ ಹೋಗ್ತೀರಿ?

ಹಳೇ ಕಾಗದ

ಅಕ್ಕಾರ, ಇಲ್ಲಿ ಸ್ವಲ್ಪ ಬಿಡಿಸಿ ನೋಡಬೇಕು, ಎಲ್ಲ ಕಲಸಿ ಹೋಗ್ತಿದೆ.

ಬಾಸೆಲ್ ಮಿಷನ್ ಪ್ರೆಸ್ಬಿಟೇರಿಯನ್ ಅಲ್ಲ. ಸ್ವಿಟ್ಜರ್ಲೆಂಡ್, ಜರ್ಮನಿಯ ಲೂಥರನ್ನರು, ರಿಫಾರ್ಮ್ಡ್ ಪಂಗಡದವರು ಸೇರಿ ನಡೆಸಿದ್ದು. ರಿಫಾರ್ಮ್ಡ್ ಕಡೆಯಿಂದ ನೆಂಟಸ್ತನ ಇದೆ, ಅಷ್ಟೇ. 1834ರಲ್ಲಿ ಮಂಗಳೂರು, 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, ಆಮೇಲೆ ಬೆಟಗೇರಿ, ನಿಮ್ಮ ಗುಳೇದಗುಡ್ಡ, 1885ರಲ್ಲಿ ವಿಜಯಪುರ. ನಿಘಂಟಿನ ಕಿಟ್ಟೆಲ್ ಇದೇ ಮಿಷನ್ನಿನವರು. ಈ ಸಭೆಗಳೆಲ್ಲ ಈಗ ಸಿಎಸ್‌ಐನಲ್ಲಿವೆ (ದಕ್ಷಿಣ ಭಾರತ ಸಭೆ).

ಬೆಳಗಾವಿಯದು ಬೇರೆ ದಾರಿ. ಇಲ್ಲಿಗೆ 1820ರಲ್ಲಿ ಲಂಡನ್ ಮಿಷನ್ನಿನ ಜೋಸೆಫ್ ಟೇಲರ್ ಬಂದ್ರು. ಅದು ಬಹುಮಟ್ಟಿಗೆ ಕಾಂಗ್ರಿಗೇಷನಲ್, ಅಂದ್ರೆ ಒಂದೊಂದು ಸಭೆಯೂ ತನ್ನನ್ನು ತಾನೇ ನಡೆಸಿಕೊಳ್ಳುವ ಪಂಗಡ. 1904ರಲ್ಲಿ ಅವರು ಈ ಕ್ಷೇತ್ರವನ್ನು ಅಮೆರಿಕದ ಮೆಥಡಿಸ್ಟರಿಗೆ ವಹಿಸಿಕೊಟ್ಟರು. ಅದಕ್ಕೇ ಬೆಳಗಾವಿಯಲ್ಲಿ ಮೆಥಡಿಸ್ಟರು ಜಾಸ್ತಿ.

ಪ್ರೆಸ್ಬಿಟೇರಿಯನ್ ಅನ್ನೋದು ಗಡಿಯ ಆಚೆಯಿಂದಲೇ ಬಂದದ್ದು. ರಾಯಲ್ ಗೌಲ್ಡ್ ವೈಲ್ಡರ್ 1852ರಲ್ಲಿ ಕೊಲ್ಹಾಪುರಕ್ಕೆ ಬಂದ್ರು. ಮೊದಲು ಬೇರೆ ಸಂಸ್ಥೆಯಲ್ಲಿದ್ದರು, ಅವರ ಜೊತೆ ಜಗಳವಾಗಿ ಎಷ್ಟೋ ವರ್ಷ ಸ್ವತಂತ್ರವಾಗಿ ನಡೆಸಿ, ಕೊನೆಗೆ 1870ರ ಹೊತ್ತಿಗೆ ಕೆಲಸ ಅಮೆರಿಕನ್ ಪ್ರೆಸ್ಬಿಟೇರಿಯನ್ನರ ಕೈಗೆ ಹೋಯ್ತು. ಆಮೇಲೆ ರತ್ನಾಗಿರಿ, ಸಾಂಗ್ಲಿ, ಮಿರಜ್. 1924ರಲ್ಲಿ ಉತ್ತರ ಭಾರತದ ಪ್ರೆಸ್ಬಿಟೇರಿಯನ್ನರು, ಕಾಂಗ್ರಿಗೇಷನಲ್ಲರು ಒಂದಾದರು, ಆ ಒಕ್ಕೂಟ 1970ರಲ್ಲಿ ಸಿಎನ್‌ಐ (ಉತ್ತರ ಭಾರತ ಸಭೆ) ಒಳಗೆ ಸೇರಿತು. ಹೀಗಾಗಿ ಈಗ ನಮ್ಮ ಭಾಗದಲ್ಲಿ ಪ್ರೆಸ್ಬಿಟೇರಿಯನ್ ಅನ್ನೋದು ಬೋರ್ಡಿಗಿಂತ ಮನೆತನದ ನೆನಪಲ್ಲೇ ಜಾಸ್ತಿ. ಕ್ಯಾಂಪ್ ಕಾಕಾ ಕೇಳಿದ ಪ್ರಶ್ನೆ ಕಷ್ಟ ಆಗಿರೋದೂ ಇದಕ್ಕೇ. ಹುಡುಗರಿಗೆ "ನಿಮ್ಮದು" ಅಂತ ಬೆರಳು ಮಾಡಿ ತೋರಿಸಲು ಒಂದು ಕಟ್ಟಡವೂ ಇಲ್ಲ.

ಖಣದ ಸೆರಗು

ಸರಿ ಸರಿ, ಗುಳೇದಗುಡ್ಡದವರಿಗೆ ನಿಮ್ಮ ಫಂಡಲ್ಲಿ ಪಾಲಿಲ್ಲ ಅಂತಾಯ್ತು. 😄 ಆದ್ರೂ ಓದ್ತಾ ಇರ್ತೀನಿ.

ಬಿಎಸ್ಸಿ ನರ್ಸ್

ಕಟ್ಟಡ ಯಾಕಿಲ್ಲ? ಮಿರಜ್ ಇಲ್ವಾ! ಅಥಣಿ, ಚಿಕ್ಕೋಡಿ, ರಾಯಬಾಗ, ಜಮಖಂಡಿ ಕಡೆಯ ಯಾವ ಮನೆಯಲ್ಲಾದರೂ ಕೇಳಿ, ಹಿಂದಿನ ತಲೆಮಾರಲ್ಲಿ ಯಾರೋ ಒಬ್ಬರನ್ನು ಚಕ್ಕಡಿಯಲ್ಲೋ ರೈಲಲ್ಲೋ ಮಿರಜ್ ಮಿಷನ್ ದವಾಖಾನೆಗೆ ಒಯ್ದ ಕಥೆ ಇದ್ದೇ ಇರುತ್ತದೆ. ಲಿಂಗಾಯತರು, ಜೈನರು, ಮುಸ್ಲಿಮರು, ಎಲ್ಲರ ಮನೆಯಲ್ಲೂ. ಡಾ. ವಿಲಿಯಂ ವಾನ್‌ಲೆಸ್ ಕೆನಡಾದವರು, 1889ರಲ್ಲಿ ಬಂದ್ರು, ಮಿರಜ್‌ನಲ್ಲಿ 1894ರಲ್ಲಿ ದವಾಖಾನೆ ತೆರೆದರು. ಬ್ರಿಟಿಷ್ ಸರಕಾರ 1928ರಲ್ಲಿ ಸರ್ ಪದವಿ ಕೊಟ್ಟಿತು. ಬರೀ ಆಪರೇಷನ್ ಮಾಡಿಕೊಂಡು ಕೂರಲಿಲ್ಲ, ಇಲ್ಲಿನ ಹುಡುಗರಿಗೇ ವೈದ್ಯಕೀಯ ಕಲಿಸಲು ಶಾಲೆ ಶುರು ಮಾಡಿದ್ರು. ನನಗೆ ಅದೇ ದೊಡ್ಡದು ಅನಿಸುತ್ತದೆ. ಕತ್ತರಿಯನ್ನ ಬೇರೆಯವರ ಕೈಗೆ ಕೊಟ್ಟರು. ನಮ್ಮ ಹಿರಿಯರು ಖಜಾನೆಯ ಕೀಲಿಯನ್ನೂ ಕೊಡೋದಿಲ್ಲ!

ಹಳೇ ಖಜಾಂಚಿ

ನನ್ನ ಮೇಲೆ ಬಾಣ ಬಿಟ್ಟದ್ದು ಗೊತ್ತಾಯ್ತು ತಾಯಿ.

ರಾಯಬಾಗ್ ಪ್ಯಾಸೆಂಜರ್

ಮಿರಜ್ ಅಂದಕೂಡಲೇ ಬಂದೆ. ಬೆಳಗಾವಿಯಿಂದ ಘಟಪ್ರಭಾ, ರಾಯಬಾಗ, ಕುಡಚಿ, ಉಗಾರ ದಾಟಿ ಹೋಗುವ ಆ ರೈಲಿನಲ್ಲಿ ಅರ್ಧ ಮಂದಿ ಕೈಯಲ್ಲಿ ಎಕ್ಸ್‌ರೇ ಕವರ್ ಹಿಡಿದವರೇ ಇರ್ತಿದ್ರು. ಇನ್ನರ್ಧ ಸಿತಾರ್, ತಂಬೂರಿ ರಿಪೇರಿಗೆ ಹೋಗುವವರು. ವಿಷಯಕ್ಕೆ ಸಂಬಂಧ ಇಲ್ಲ, ಸುಮ್ನೆ ಹೇಳಿದೆ.

ಕೊಲ್ಹಾಪುರದ ಸೊಸೆ

ವೈಲ್ಡರ್ ಹೆಸರು ಬಂತಲ್ಲ, ಅವರ ಮಕ್ಕಳ ಕಥೆ ಇಲ್ಲಿ ಹೇಳಲೇಬೇಕು. ಹುಡುಗರ ವಿಷಯಕ್ಕೆ ನೇರವಾಗಿ ತಾಗುತ್ತದೆ.

ಮಗ ರಾಬರ್ಟ್ ವೈಲ್ಡರ್ ಹುಟ್ಟಿದ್ದು ಕೊಲ್ಹಾಪುರದಲ್ಲಿ, 1863ರಲ್ಲಿ. ಅಪ್ಪನಿಗೆ ಆರೋಗ್ಯ ಕೆಟ್ಟು ಕುಟುಂಬ ಅಮೆರಿಕಕ್ಕೆ ವಾಪಸ್ ಹೋಯ್ತು. ರಾಬರ್ಟ್ ಪ್ರಿನ್ಸ್‌ಟನ್‌ನಲ್ಲಿ ಓದುತ್ತಿದ್ದಾಗ ಮನೆಯಲ್ಲೇ ಹುಡುಗರನ್ನು ಸೇರಿಸಿ ಮಿಷನ್ ಬಗ್ಗೆ ಮಾತು, ಪ್ರಾರ್ಥನೆ. ಅಕ್ಕ ಗ್ರೇಸ್ ಅದಕ್ಕೆ ಬೆನ್ನೆಲುಬು. 1886ರ ಬೇಸಿಗೆಯಲ್ಲಿ ಮೌಂಟ್ ಹರ್ಮನ್ ಅನ್ನೋ ಊರಲ್ಲಿ ಮೂಡಿ ಅನ್ನುವ ದೊಡ್ಡ ಪ್ರಸಂಗಿ ಕಾಲೇಜು ಹುಡುಗರ ಶಿಬಿರ ಕರೆದಿದ್ದರು, ಸುಮಾರು 250 ಮಂದಿ. ಅದು ಮುಗಿಯುವ ಹೊತ್ತಿಗೆ 100 ಮಂದಿ "ನಾವು ಮಿಷನ್ ಸೇವೆಗೆ ಹೋಗ್ತೀವಿ" ಅಂತ ಹೆಸರು ಕೊಟ್ಟರು. ಆಮೇಲೆ ರಾಬರ್ಟ್ ಮತ್ತು ಲಾಹೋರಿನ ಪ್ರೆಸ್ಬಿಟೇರಿಯನ್ ಮಿಷನರಿಯ ಮಗ ಜಾನ್ ಫೋರ್ಮನ್ ಇಬ್ಬರೂ ಕಾಲೇಜಿಂದ ಕಾಲೇಜಿಗೆ ತಿರುಗಿದ್ರು. ಒಂದೇ ವರ್ಷದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಂದಿ ಹೆಸರು ಬರೆಸಿದ್ರು. 1888ರಲ್ಲಿ ಅದು ವಿದ್ಯಾರ್ಥಿ ಸ್ವಯಂಸೇವಕ ಚಳುವಳಿ ಅಂತ ಸಂಘಟನೆ ಆಯ್ತು. ಗ್ರೇಸ್ ಮತ್ತೆ ನಮ್ಮ ಕೊಲ್ಹಾಪುರ ಸೀಮೆಗೇ ಸೇವೆಗೆ ಬಂದ್ರು.

ಇದರಲ್ಲಿ ನಾನು ಗಮನಿಸಿದ್ದು ಇಷ್ಟೇ. ಹುಡುಗರನ್ನು ಕರೆದದ್ದು ಹುಡುಗರೇ. ಹಿರಿಯರು ಜಾಗ ಕೊಟ್ಟರು, ಊಟ ಹಾಕಿದರು, ಪ್ರಸಂಗ ಮಾಡಿದರು, ಆದರೆ ಹೆಸರು ಬರೆಸಿಕೊಂಡವನು ಇಪ್ಪತ್ತಮೂರರ ಹುಡುಗ. ಹಿಂದಿನ ಬೆಂಚು, ನಿನ್ನದೇ ವಯಸ್ಸು ಕಣಪ್ಪ.

ಶಹಾಪುರದ ಅಕ್ಕ

ಅವರ ಮನೆಯಲ್ಲಿ ಪ್ರಾರ್ಥನೆ ನಡೀತಿತ್ತು ಅಂತ ನೀವೇ ಬರೆದಿದ್ದೀರಿ. ನಾನು ಹೇಳಿದ್ದೂ ಅದನ್ನೇ. ನನ್ನ ಮಾತು ಮಾತ್ರ ಯಾರಿಗೂ ಹಿಡಿಸಲಿಲ್ಲ.

ಗೋಳಗುಮ್ಮಟ ಮೇಷ್ಟ್ರು (ವಿಜಯಪುರ)

ಕಥೆ ಚೆನ್ನಾಗಿದೆ. ಆದರೆ ಅದು ಹತ್ತೊಂಬತ್ತನೇ ಶತಮಾನ, ಹಡಗು ಹತ್ತಿ ಹೋಗುವ ಕಾಲ. ಇವತ್ತಿನ ಹುಡುಗನಿಗೆ "ಮಿಷನ್ ಕೆಲಸ" ಅಂತ ಹೇಳಿ ನೋಡಿ, ಮೊದಲು ಅವನ ತಲೆಗೆ ಬರೋದು ಭಯ. 2022ರಲ್ಲಿ ರಾಜ್ಯದಲ್ಲಿ ಮತಾಂತರ ತಡೆಯುವ ಕಾನೂನು ಬಂತು. 2023ರ ಜೂನ್‌ನಲ್ಲಿ ಸಂಪುಟ ಅದನ್ನು ಹಿಂಪಡೆಯುವ ತೀರ್ಮಾನ ಮಾಡಿತು, ಆದರೆ ಆ ನಡುವೆ ಮನೆಮನೆಗಳಲ್ಲಿ ಹುಟ್ಟಿದ ಅಳುಕು ತೀರ್ಮಾನದಿಂದ ಹೋಗುತ್ತಾ? ನನ್ನ ಕ್ಲಾಸಿನ ಒಬ್ಬ ಹುಡುಗ ತನ್ನ ಸಭೆಯ ಟೀಶರ್ಟನ್ನು ಕಾಲೇಜಿಗೆ ಹಾಕಿಕೊಂಡು ಬರೋದು ಬಿಟ್ಟ. ಆಫೀಸಲ್ಲಿ, ರೂಮಲ್ಲಿ ಜೊತೆಗಿರುವ ಗೆಳೆಯರ ಮುಂದೆ ಅವನು ಏನಂತ ಹೇಳಿಕೊಳ್ಳಬೇಕು? ಹಿರಿಯರಿಗೆ ಈ ಕಷ್ಟ ಇಲ್ಲ. ನಿಮ್ಮ ಗೆಳೆಯರಿಗೆ ನೀವು ಯಾರು ಅಂತ ನಲವತ್ತು ವರ್ಷದಿಂದ ಗೊತ್ತು.

ಮತ್ತೆ ಕಾಕಾ, ನಿಮ್ಮ ಫಂಡಿಂದ ಸುವಾರ್ತಿಕರಿಗೆ, ಮಕ್ಕಳ ಫೀಗೆ, ಔಷಧಿಗೆ ಎಲ್ಲದಕ್ಕೂ ಒಂದೇ ಡಬ್ಬಿ. ಫೀ ಕಟ್ಟೋದು ಒಂದು ಕೆಲಸ, ಸುವಾರ್ತೆ ಇನ್ನೊಂದು. ಅದನ್ನು ಬೇರೆ ಮಾಡಿ. ಔಷಧಿ ಕೊಟ್ಟಿದ್ದಕ್ಕೆ ಯಾರೂ ಪ್ರಾರ್ಥನೆಗೆ ಬರಬೇಕಿಲ್ಲ ಅನ್ನೋದು ಬರವಣಿಗೆಯಲ್ಲಿ ಇರಲಿ. ಹುಡುಗರು ಕೇಳುವ ಮೊದಲ ಪ್ರಶ್ನೆ ಅದೇ. ನಾನು ಕ್ರೈಸ್ತನಲ್ಲ, ಆದರೂ ಅಂಥ ಡಬ್ಬಿ ಇದ್ದರೆ ನಾನೂ ಹಾಕ್ತೀನಿ.

ಕ್ಯಾಂಪ್ ಕಾಕಾ

ಮೇಷ್ಟ್ರೇ, ಒಂದು ಮಾತು. ನಮ್ಮಲ್ಲಿ ಔಷಧಿಗೆ ಪ್ರತಿಯಾಗಿ ಏನೂ ಕೇಳಿದ್ದು ಇಲ್ಲವೇ ಇಲ್ಲ. ಕಬ್ಬಿನ ಮಕ್ಕಳಲ್ಲಿ ಒಬ್ಬರೂ ನಮ್ಮ ಸಭೆಯವರಲ್ಲ. ಆದರೆ ಸುವಾರ್ತಿಕರನ್ನು ಬೇರೆ ಡಬ್ಬಿಗೆ ಹಾಕಿದ್ರೆ ಆ ಡಬ್ಬಿಗೆ ಹುಡುಗರು ಯಾರೂ ಹಾಕೋದಿಲ್ಲ ಅನ್ನೋದೇ ನನ್ನ ಹೆದರಿಕೆ. ಆ ಮನುಷ್ಯ ಸೈಕಲ್ ಮೇಲೆ ತಿರುಗಿ ವಯಸ್ಸಾದವರನ್ನು ನೋಡಿಕೊಳ್ತಾರೆ. ಅವರದೂ ಹೊಟ್ಟೆಪಾಡಲ್ವಾ.

ಬಿಎಸ್ಸಿ ನರ್ಸ್

ಕಾಕಾ, ಅವರು ಏನು ಮಾಡ್ತಾರೆ ಅಂತ ಇವತ್ತೇ ಗೊತ್ತಾದದ್ದು. ಇದನ್ನ ಮಿಷನ್ ಭಾನುವಾರ ಹೇಳಿದ್ರೆ ಹುಡುಗರು ಕೊಡೋದಿಲ್ಲ ಅಂತ ನಿಮಗೆ ಹೇಗೆ ಗೊತ್ತು?

ಬ್ಯಾಂಕ್ ಟ್ರಾನ್ಸ್‌ಫರ್ (ಬಾಗಲಕೋಟೆ)

ಕೆಲಸದ ಮೇಲೆ ಕೆಲ ಕಾಲ ಮಿಜೋರಾಂನ ಐಜ್ವಾಲ್‌ನಲ್ಲಿ ಇದ್ದೆ. ನೀವೆಲ್ಲ ಒಮ್ಮೆ ಅಲ್ಲಿನ ಪ್ರೆಸ್ಬಿಟೇರಿಯನ್ನರನ್ನು ನೋಡಬೇಕು. ವೇಲ್ಸ್ ದೇಶದ ಮಿಷನ್ನಿಂದ ಶುರುವಾದ ಸಭೆ, ಈಗ ತಾನಾಗಿಯೇ ದೇಶದ ಬೇರೆ ಬೇರೆ ರಾಜ್ಯಗಳಿಗೆ ಸೇವಕರನ್ನು ಕಳಿಸುತ್ತದೆ. ದುಡ್ಡು ಎಲ್ಲಿಂದ ಅಂತೀರಾ? ಅಡುಗೆಮನೆಯಿಂದ.

ಬುಹ್‌ಫಾಯ್ ಥಾಮ್ ಅಂತಾರೆ. ಪ್ರತಿ ಸಲ ಅನ್ನಕ್ಕಿಡುವಾಗ ಮನೆಯೊಡತಿ ಒಂದು ಹಿಡಿ ಅಕ್ಕಿ ತೆಗೆದು ಬೇರೆ ಡಬ್ಬಿಗೆ ಹಾಕ್ತಾಳೆ. ವಾರಕ್ಕೊಮ್ಮೆ ಅದನ್ನು ಬಂದು ಒಯ್ಯುತ್ತಾರೆ, ಮಾರುತ್ತಾರೆ, ಹಣ ಸಭೆಗೆ, ಮಿಷನ್ನಿಗೆ. 1910ರಿಂದ ನಡೆದಿದೆ. ನಾನಿದ್ದ ಮನೆಯ ಒಡತಿ ಕುಕ್ಕರಿಗೆ ಅಕ್ಕಿ ಅಳೆದು ಹಾಕಿದ ಮೇಲೆ, ಕೈ ಮತ್ತೆ ಒಳಗೆ ಹಾಕಿ ಒಂದು ಹಿಡಿ ವಾಪಸ್ ತೆಗೀತಿದ್ರು. ಮಾತಾಡ್ತಾ ಮಾತಾಡ್ತಾನೇ, ಆ ಕಡೆ ನೋಡದೇನೇ. ಅದನ್ನ ನೋಡಿ ಬೆಳೆದ ಮಗುವಿಗೆ ಮಿಷನ್ ಬಗ್ಗೆ ಬೇರೆ ಪ್ರಸಂಗ ಬೇಕಾ?

ಯುವಕರದಂತೂ ಬೇರೆ ಲೆಕ್ಕ. ಅಲ್ಲಿನ ಯುವಜನ ಸಂಘ ಕೆಟಿಪಿ 1924ರಿಂದ ಇದೆ. ಊರಲ್ಲಿ ಸಾವಾದರೆ ಗುಂಡಿ ತೋಡಲು, ರಾತ್ರಿ ಜೊತೆಗಿರಲು ಹುಡುಗರೇ ಓಡ್ತಾರೆ. ಅವರನ್ನು ಯಾರೂ "ಮುಂದೆ ಬನ್ನಿ" ಅಂತ ಕರೆಯೋದಿಲ್ಲ, ಮೊದಲಿಂದಲೇ ಮುಂದಿದ್ದಾರೆ.

ಗೋಳಗುಮ್ಮಟ ಮೇಷ್ಟ್ರು

ಅಲ್ಲಿ ಊರಿಗೆ ಊರೇ ಕ್ರೈಸ್ತರು. ಇಲ್ಲಿ ಒಂದು ಓಣಿಯಲ್ಲಿ ಎರಡು ಮನೆ. ಹೋಲಿಸೋದು ಹೇಗೆ?

ಬ್ಯಾಂಕ್ ಟ್ರಾನ್ಸ್‌ಫರ್

ಹಿಡಿ ಅಕ್ಕಿಗೆ ಓಣಿ ಬೇಕಾಗಿಲ್ಲ ಮೇಷ್ಟ್ರೇ, ಒಂದು ಡಬ್ಬಿ ಸಾಕು. ಹಿಡಿ ಹಿಡಿ ಕೂಡಿಸೋದು ನಮ್ಮ ಕಡೆ ಮಠಗಳಿಗೂ ಗೊತ್ತಿರುವುದೇ. ನಮ್ಮಲ್ಲಿ ಬೇಕಾದ್ರೆ ಜೋಳ ತೆಗೆದಿಡಿ.

ಹಿಂದಿನ ಬೆಂಚು

ಪೀಜಿಯಲ್ಲಿ ಇರುವವನು ಯಾವ ಡಬ್ಬಿಗೆ ಹಾಕಬೇಕು ಅಣ್ಣಾ? ನಾನು ಊಟ ಆರ್ಡರ್ ಮಾಡಿಕೊಂಡು ತಿನ್ನೋನು. 😅

ಮಹಿಳಾ ಸಂಘದ ಮಾವಶಿ

ಅದಕ್ಕೂ ದಾರಿ ಇದೆ ಮಗಾ. ಶಾಂತಿ ಸೊಲೊಮನ್ ಹೆಸರು ಕೇಳಿದ್ದೀಯಾ? ನಮ್ಮ ದೇಶದವರೇ, ಕ್ರೈಸ್ತ ಹೆಣ್ಣುಮಗಳು. 1956ರಲ್ಲಿ ಅಮೆರಿಕದ ಪ್ರೆಸ್ಬಿಟೇರಿಯನ್ ಮಹಿಳೆಯರು ಒಂದು ತಂಡ ಕಟ್ಟಿ ಏಷ್ಯಾ ದೇಶಗಳಿಗೆ ಕಳಿಸಿದ್ರು, ಯುದ್ಧದ ಗಾಯ ಇನ್ನೂ ಹಸಿ ಇದ್ದ ಕಾಲ. ಆ ತಂಡದಲ್ಲಿದ್ದ ಶಾಂತಿಯವರಿಗೆ ಕೊರಿಯಾಕ್ಕೆ ವೀಸಾ ಸಿಗಲಿಲ್ಲ, ಫಿಲಿಪ್ಪೀನ್ಸ್‌ನಲ್ಲಿ ಉಳಿಯಬೇಕಾಯ್ತು. ಆಗ ಹೊಳೆದದ್ದು ಇದು: ಪ್ರಾರ್ಥನೆಗೆ ವೀಸಾ ಬೇಡ. ಪ್ರತಿ ಹೆಣ್ಣುಮಗಳು ಪ್ರಾರ್ಥನೆ ಮಾಡುವಾಗ ತನ್ನ ದೇಶದ ಎಲ್ಲಕ್ಕಿಂತ ಸಣ್ಣ ನಾಣ್ಯ ಒಂದನ್ನು ತೆಗೆದಿಡಲಿ. ಬಡವಿಯೂ ಅದೇ, ಶ್ರೀಮಂತೆಯೂ ಅದೇ. ಯಾರೂ ಜಾಸ್ತಿ ಕೊಟ್ಟೆ ಅಂತ ಮೆರೆಯುವ ಹಾಗಿಲ್ಲ. ಈಗಲೂ ನಾನಾ ದೇಶಗಳಲ್ಲಿ ನಡೆದಿದೆ. ನಮ್ಮ ಸಂಘದಲ್ಲಿ ಬಟ್ಟೆಯ ಪುಟ್ಟ ಚೀಲ ಹೊಲಿದು ಕೊಡ್ತೀವಿ, ಫೆಬ್ರುವರಿಯಲ್ಲಿ ಬಿಚ್ಚಿ ಎಣಿಸ್ತೀವಿ. ಆ ದಿನ ಚಿಲ್ಲರೆ ಎಣಿಸಲು ಸಂಡೇ ಸ್ಕೂಲ್ ಮಕ್ಕಳನ್ನೇ ಕೂರಿಸೋದು. ಬಿಡಿ ಅಂದ್ರೂ ಏಳೋದಿಲ್ಲ, ಗೋಪುರ ಕಟ್ತಾ ಕೂರ್ತಾವೆ.

ನೀನು ಊಟ ಆರ್ಡರ್ ಮಾಡುವಾಗೆಲ್ಲ ಒಂದು ರೂಪಾಯಿ ಬೇರೆ ಇಡು.

ಹಿಂದಿನ ಬೆಂಚು

ಮಾವಶಿ, ಇದು ನನಗೆ ಹಿಡಿಸಿತು. ಐದು ರೂಪಾಯಿ ಇಡ್ತೀನಿ.

ಮಹಿಳಾ ಸಂಘದ ಮಾವಶಿ

ಒಂದೇ! ಮೆರೆಯುವ ಹಾಗಿಲ್ಲ ಅಂದೆನಲ್ಲ.

ಟೊರೊಂಟೊ ತಂಗಿ

ನಾನು ಬೆಳಗಾವಿ ಹುಡುಗಿ, ಈಗ ಇಲ್ಲಿದ್ದೀನಿ. ಒಂದು ರೂಪಾಯಿ, ಒಂದು ಹಿಡಿ ಅಂತ ಯಾಕೆ ತಲೆ ಕೆಡಿಸಿಕೊಳ್ತೀರಿ? ನಮ್ಮಂಥವರು ಹತ್ತು ಮಂದಿ ಸೇರಿದ್ರೆ ನಿಮ್ಮ ವರ್ಷದ ಫಂಡ್ ಒಂದೇ ತಿಂಗಳಲ್ಲಿ ಆಗುತ್ತೆ. ಅಕೌಂಟ್ ನಂಬರ್ ಕೊಡಿ ಸಾಕು.

ಆಡಿಟ್ ಹುಡುಗಿ

ಅಕ್ಕಾ, ದಯವಿಟ್ಟು ತಡೀರಿ! ನಾನು ಇದೇ ಕೆಲಸದಲ್ಲಿದ್ದೀನಿ, ಈ ಒಂದು ವಿಷಯಕ್ಕೆ ಒಳ್ಳೆ ಒಳ್ಳೆ ಸಂಘಗಳು ಸಿಕ್ಕಿಹಾಕಿಕೊಂಡಿವೆ.

ನಿಮ್ಮ ಹತ್ತಿರ ಇನ್ನೂ ಭಾರತದ ಪಾಸ್‌ಪೋರ್ಟ್ ಇದ್ದರೆ, ನಿಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ ಹಣ ವಿದೇಶಿ ದೇಣಿಗೆ ಅಲ್ಲ. ಕೆನಡಾ ಪೌರತ್ವ ತಗೊಂಡಿದ್ದರೆ, ಓಸಿಐ ಕಾರ್ಡ್ (ಬೇರೆ ದೇಶದ ಪೌರರಾದ ಭಾರತ ಮೂಲದವರಿಗೆ ಕೊಡುವುದು) ಇದ್ದರೂ ಅದು ವಿದೇಶಿ ದೇಣಿಗೆಯೇ. ಅದಕ್ಕೆ 2010ರ ಎಫ್‌ಸಿಆರ್‌ಎ, ಅಂದ್ರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ನೋಂದಣಿ ಬೇಕು. 2020ರ ತಿದ್ದುಪಡಿ ಆದ ಮೇಲೆ ಆ ಹಣ ಮೊದಲು ದಿಲ್ಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಇನ್ನೊಂದು ದೊಡ್ಡ ಬದಲಾವಣೆ, ಮೊದಲು ದೊಡ್ಡ ಸಂಸ್ಥೆಗೆ ಬಂದ ಹಣದಲ್ಲಿ ಸಣ್ಣವರಿಗೆ ಹಂಚಬಹುದಿತ್ತು, ಈಗ ಅದೂ ಇಲ್ಲ. ಕಾಕಾ ಅವರ ಕೂಟದಂಥ ಸಣ್ಣ ಫಂಡಿಗೆ ಇದು ಆಗುವ ಮಾತಲ್ಲ.

ಅಂದ್ರೆ ಇನ್ನು ಮೇಲೆ ಏನೇ ನಡೀಬೇಕಾದ್ರೂ ಇಲ್ಲಿನ ದುಡ್ಡಲ್ಲೇ ನಡೀಬೇಕು. ಇಲ್ಲಿ ದುಡಿಯುವವರು ಯಾರು? ಇಪ್ಪತ್ತೈದರಿಂದ ನಲವತ್ತರವರು. ಅವರನ್ನು ಕುರ್ಚಿ ಹಾಕಲು ಇಟ್ಟುಕೊಂಡು, ಪೆನ್ಷನ್ ತಗೊಳ್ಳುವವರ ಹತ್ತಿರ ಕವರ್ ಕೇಳ್ತಿದ್ದೀರಿ.

ಟೊರೊಂಟೊ ತಂಗಿ

ಪಾಸ್‌ಪೋರ್ಟ್ ಬದಲಾಗಿದೆ. ಹಾಗಾದ್ರೆ ನಾನು ಬರೀ ಪ್ರಾರ್ಥನೆ ಮಾಡಬೇಕಾ? ಕಾಕಾ ಮೊದಲೇ ಅದನ್ನ ಹೇಳಬೇಡಿ ಅಂದಿದ್ದಾರೆ. 😂

ಬಿಎಸ್ಸಿ ನರ್ಸ್

ಕಬ್ಬಿನ ಮಕ್ಕಳಿಗೆ ವಿಡಿಯೋ ಕಾಲಲ್ಲಿ ಇಂಗ್ಲಿಷ್ ಕಲಿಸಿ. ಅದಕ್ಕೆ ದಿಲ್ಲಿ ಶಾಖೆ ಬೇಡ.

ಟಿಳಕವಾಡಿ ಗಿಟಾರ್

ಯಾರೂ ಹೇಳದ ಒಂದು ವಿಷಯ ಇದೆ, ಭಾಷೆ. ಅಜ್ಜಿ ಮರಾಠಿಯಲ್ಲಿ ಹಾಡ್ತಾರೆ, ಅಪ್ಪ ಕನ್ನಡದಲ್ಲಿ ಪ್ರಾರ್ಥನೆ ಮಾಡ್ತಾರೆ, ನಾವು ಇಂಗ್ಲಿಷ್ ಮೀಡಿಯಂ. ಮಿಷನ್ ಭಾನುವಾರದ ಹಾಡು ನನಗೆ ಓದಲೂ ಬರೋದಿಲ್ಲ. ಇಂಗ್ಲಿಷ್ ಸರ್ವಿಸ್ ಮಾಡಿ, ಬ್ಯಾಂಡ್ ಇಡಿ, ಎಲ್ಲರೂ ಬರ್ತಾರೆ.

ಹಳೇ ಕಾಗದ

ಬ್ಯಾಂಡಿಗೆ ಬಂದವರು ಬ್ಯಾಂಡಿನ ಜೊತೆಗೇ ಹೋಗ್ತಾರೆ ತಮ್ಮಾ. ಅಥಣಿಯ ಮುದುಕಿಯ ಮುಂದೆ ಕೂತು ಯಾವ ಭಾಷೆಯಲ್ಲಿ ಮಾತಾಡ್ತೀಯ? ಮಿಷನರಿಗಳು ಬಂದವರೇ ಮೊದಲು ಇಲ್ಲಿನ ಭಾಷೆ ಕಲಿತರು, ಮೋಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯನ್ನೇ ತಂದ್ರು. ಇಲ್ಲೇ ಹುಟ್ಟಿದ ನಿನಗೆ ಕನ್ನಡ ಓದೋದು ಭಾರವಾ?

ಟಿಳಕವಾಡಿ ಗಿಟಾರ್

ಈಗ ಟೈಪ್ ಮಾಡ್ತಿರೋದು ಯಾವ ಭಾಷೆ ಮತ್ತೆ? ಹಾಡು ಬೇರೆ ಮಾತು ಬೇರೆ ಸಾರ್. ಸುಮ್ನೆ ಬೈಬೇಡಿ.

ರಾಯಬಾಗ್ ಪ್ಯಾಸೆಂಜರ್

ಸಭೆಯ ಸುಗ್ಗಿ ಹಬ್ಬದಲ್ಲಿ ಕಾಣಿಕೆಗೆ ಬಂದದ್ದರ ಹರಾಜನ್ನು ಹುಡುಗರ ಕೈಗೆ ಕೊಟ್ಟು ನೋಡಿ. ನಮ್ಮ ಕಡೆ ಒಂದು ಸಭೆಯಲ್ಲಿ ಹಾಗೆ ಮಾಡಿದ್ರು. ಒಂದೇ ಜವಾರಿ ಕೋಳಿಯನ್ನು ಮತ್ತೆ ಮತ್ತೆ ಹರಾಜು ಹಾಕಿದ್ರು. ಗೆದ್ದವನು ದುಡ್ಡು ಕೊಟ್ಟು ಕೋಳಿಯನ್ನು ವಾಪಸ್ ಕೊಡೋದು, ಮತ್ತೆ ಕೂಗೋದು. ಕೊನೆಗೆ ಪಾಸ್ಟರ್ ಅಯ್ಯನವರೇ ಜಾಸ್ತಿ ಕೂಗಿ ಬಿಡಿಸಿಕೊಂಡ್ರು. ಮೈಕ್ ಹಿಡಿದಿದ್ದ ಹುಡುಗ ಡಿಪ್ಲೊಮಾ ಓದೋನು, ಅಷ್ಟು ನಗಿಸ್ತಾನೆ ಅಂತ ಅವನ ಅವ್ವನಿಗೇ ಗೊತ್ತಿರಲಿಲ್ಲ.

ಹಳೇ ಖಜಾಂಚಿ

ಹರಾಜಿನ ಬಾಕಿ ವಸೂಲು ಮಾಡಿದ್ದು ಯಾರು, ಅದನ್ನೂ ಹೇಳಿ. ಕೂಗುವಾಗ ಎಲ್ಲರೂ ಕೂಗ್ತಾರೆ, ದುಡ್ಡು ಈಸ್ಟರ್ ಆದ ಮೇಲೂ ಬರೋದಿಲ್ಲ.

ಕ್ಯಾಂಪ್ ಕಾಕಾ

ಎಲ್ಲ ಓದಿದೆ. ಕೆಲವು ಮಾತು ಖಾರವಾಗೇ ಇದ್ವು, ಇರಲಿ. ನಿನ್ನೆ ಸಂಜೆ ನಮ್ಮ ಕೂಟದಲ್ಲಿ ಇದನ್ನೆಲ್ಲ ಓದಿ ಹೇಳಿದೆ. ಜಗಳ ಆಯ್ತು. ಒಬ್ಬರು ಎದ್ದು ಹೋದ್ರು, ಚಹಾ ಬಂದಮೇಲೆ ವಾಪಸ್ ಬಂದ್ರು.

ಇಷ್ಟಕ್ಕೆ ಎಲ್ಲರೂ ಒಪ್ಪಿದ್ದಾರೆ. ಡಬ್ಬಿ ಎರಡು, ಮೇಷ್ಟ್ರು ಹೇಳಿದ ಹಾಗೆ. ಓದು ಮತ್ತು ಔಷಧಿಯದು ಒಂದು, ಯಾರು ಬೇಕಾದರೂ ಹಾಕಬಹುದು. ಸುವಾರ್ತೆಯದು ಇನ್ನೊಂದು. ದುಡಿಯುವ ಪ್ರತಿಯೊಬ್ಬರಿಗೂ ಅವರ ಹೆಸರಿನದೇ ಕವರ್. ಕೂಟವನ್ನು ನೋಂದಣಿ ಮಾಡಿಸೋದು, ಖಾತೆಗೆ ಸಹಿ ಹಾಕುವ ಮೂವರಲ್ಲಿ ಇಬ್ಬರು ಮೂವತ್ತರ ಒಳಗಿನವರು. ಇದಕ್ಕೆ ಮಾತ್ರ ತುಂಬಾ ಹೊತ್ತು ಹಿಡೀತು. ಮತ್ತೆ ಮುಂದಿನ ತಿಂಗಳು ಹುಡುಗರನ್ನು ಕರೆದುಕೊಂಡು ಅಥಣಿ ಕಡೆ ಹೋಗಿ ಸುವಾರ್ತಿಕರನ್ನು ನೋಡೋದು, ಅಲ್ಲಿಂದ ಹಾಗೇ ಮಿರಜ್. ಪ್ರಸಂಗ ಇಲ್ಲ. ಕ್ಯಾಮೆರಾ ಇಲ್ಲ, ಬಡವರ ಮನೆ ಮುಂದೆ ಸೆಲ್ಫಿ ಬೇಡ.

ಹಿಂದಿನ ಬೆಂಚು

ಕಾಕಾ ನಾನು ನಿಮ್ಮ ಕೂಟದವನಲ್ಲ, ಆದ್ರೂ ಅಥಣಿಗೆ ಬರಬಹುದಾ? ನೋಂದಣಿ ಕಾಗದ ನೋಡಿಕೊಳ್ಳಲು ಆಡಿಟ್ ಹುಡುಗಿ ಸಹಾಯ ಮಾಡಿದ್ರೆ ಓಡಾಟ ನನ್ನದು.

ಆಡಿಟ್ ಹುಡುಗಿ

ಮಾಡ್ತೀನಿ. ಮೊದಲು ನಿಯಮಾವಳಿಯ ಕರಡು ಬರೀರಿ. ಉದ್ದೇಶಗಳ ಪಟ್ಟಿಯಲ್ಲಿ "ಇತ್ಯಾದಿ" ಅಂತ ಹಾಕಬೇಡಿ, ಎಲ್ಲರೂ ಅಲ್ಲೇ ಎಡವೋದು. ಇನ್ನೊಂದು, ಒಂದೇ ಧರ್ಮದ ಕೆಲಸಕ್ಕಂತ ಇರುವ ಟ್ರಸ್ಟಿಗೆ 80ಜಿ ವಿನಾಯಿತಿ (ದಾನ ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ಸಿಗುವ ರಿಯಾಯಿತಿ) ಸಿಗೋದಿಲ್ಲ. ಓದು, ಔಷಧಿಯ ಡಬ್ಬಿಗೆ ಬೇರೆ ಟ್ರಸ್ಟ್ ಮಾಡಬೇಕಾ ಅಂತ ಈಗಲೇ ಯೋಚಿಸಿ, ಆಮೇಲೆ ಬದಲಾಯಿಸೋದು ತಲೆನೋವು.

ಹಳೇ ಖಜಾಂಚಿ

ಎರಡು ಟ್ರಸ್ಟ್ ಅಂದ್ರೆ ಎರಡು ಕ್ಯಾಶ್‌ಬುಕ್, ಎರಡು ಆಡಿಟ್. ಬರೆಯೋದು ಯಾರು?

ಬಿಎಸ್ಸಿ ನರ್ಸ್

ಹುಡುಗರು ಬರೀತಾರೆ, ನೀವು ಪಕ್ಕದಲ್ಲಿ ಕೂತು ಬೈತಾ ಕಲಿಸಿ ಅಂಕಲ್.

ಹಳೇ ಖಜಾಂಚಿ

ಶನಿವಾರ ಐದಕ್ಕೆ ಬರಲು ಹೇಳಿ. ಐದೂಕಾಲಿಗೆ ಬಂದ್ರೆ ಬಾಗಿಲು ಹಾಕಿರ್ತೀನಿ.